ಒನ್ಸ್ ಮೋರ್ ಅಂದವರ ಮುಂದೆ

ಚಂದ್ರಾ ಲೇಔಟ್‌ನ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ ಒಂದು ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದಳು. ಹಗಲು ರಾಜಾಜಿನಗರದ ಕಂಪನಿಯೊಂದರಲ್ಲಿ ಕೂತು, ಫೋನಿನಲ್ಲಿ ಬೈಯುವ ಗ್ರಾಹಕರಿಗೆಲ್ಲ 'ಸಾರಿ ಸಾರ್' ಅನ್ನುವುದು ಅವಳ ಕೆಲಸ. ಮಾತಾಡುವಾಗ, ಗಿಟಾರಿನ ತಂತಿ ಒತ್ತಿ ಜಡ್ಡುಗಟ್ಟಿದ ಬೆರಳ ತುದಿಗಳನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇರುತ್ತಿದ್ದಳು. ಹೊಸ ಹಾಡು ಕಟ್ಟಿದಾಗಲೆಲ್ಲ ಕೆಳಗಿಳಿದು ಬಂದು ಹಾಡಿ, "ಭಯ ಆಯ್ತಾ ಆಂಟಿ?" ಎಂದು ಕೇಳುವಳು. ಚೆನ್ನಾಗಿದೆ ಅಂದರೆ ಮುಖ ಸಪ್ಪಗಾಗುತ್ತಿತ್ತು; ಕೇಳಿದವರು ಬೆಚ್ಚದಿದ್ದರೆ ಅವಳಿಗೆ ಅದು ಹಾಡೇ ಅಲ್ಲ.

ಒಮ್ಮೆ ಕಂಪನಿಯ ವಾರ್ಷಿಕೋತ್ಸವದಲ್ಲಿ ಹಾಡು ಅಂದರು. ನನ್ನನ್ನೂ ಕರೆದೊಯ್ದಳು. ಆರಿಸಿಕೊಂಡದ್ದು ಆ ಆಫೀಸಿನ ಮೇಲೆಯೇ ಕಟ್ಟಿದ ಹಾಡು: ಟಾಯ್ಲೆಟ್ಟಿಗೆ ಎದ್ದರೂ ಕಾರಣ ಕೇಳುವ ಕಂಪ್ಯೂಟರು, ಅಳು ಬಂದರೂ ನಗಲೇಬೇಕಾದ ದನಿ.

"ಕೆಲಸ ಹೋದ್ರೆ?" ಅಂದೆ.

"ಅದೇ ಹೆದರಿಕೆ ಆಂಟಿ," ಅಂದಳು.

ಆದರೂ ಹಾಡಿದಳು. ಡ್ರಮ್ಸಿನ ಏಟಿಗೆ ಎಲ್ಲರೂ ಎದ್ದು ಕುಣಿದರು; ಹಾಡಿನ ಮಾತು ಯಾರ ಕಿವಿಗೂ ಬಿದ್ದಂತಿರಲಿಲ್ಲ. ಮ್ಯಾನೇಜರ್ ಎಲ್ಲರಿಗಿಂತ ಮುಂದೆ ನಿಂತು "ಒನ್ಸ್ ಮೋರ್" ಅಂದರು.

ಅವಳ ಮುಖ ಸಪ್ಪಗಾಯಿತು. ಆಮೇಲೆ ಡ್ರಮ್ಸಿನವನಿಗೆ ಬೇಡವೆಂದು ಕೈ ಮಾಡಿ, ಗಿಟಾರನ್ನೂ ಕೆಳಗಿಟ್ಟು, ಅದೇ ಹಾಡನ್ನು ಮಾತಾಡಿದಷ್ಟು ನಿಧಾನವಾಗಿ ಹೇಳಿದಳು. ಕುಣಿಯುವ ಕಾಲುಗಳು ನಿಂತವು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಮ್ಯಾನೇಜರ್ ಕೂತುಬಿಟ್ಟರು. ನನಗೆ ಭಯವಾಯಿತು.

ಸೋಮವಾರ ಮಧ್ಯಾಹ್ನವೇ ಮನೆಗೆ ಬಂದಳು. ಕೆಲಸದಿಂದ ತೆಗೆದಿದ್ದರು. ನಾನು ಕಾಫಿ ಕೊಟ್ಟೆ.

"ಎರಡನೇ ಸಲ ಕೇಳಿಸ್ಕೊಂಡ್ರು ಆಂಟಿ," ಅಂದಳು.