ಮೊಯ್ರಾ ಕದ್ದು ನೋಡುತ್ತಿದ್ದ ಕಿಟಕಿ

ಡುನೆಡಿನ್ ಬಂದರಿನ ಬಳಿಯ ಪುಟ್ಟ ಕಚೇರಿಯಲ್ಲಿ ಮೊಯ್ರಾ ಇಪ್ಪತ್ತು ವರ್ಷಗಳಿಂದ ಮೀನುದೋಣಿಗಳಿಗಾಗಿ ಸಮುದ್ರದ ಉಬ್ಬರವಿಳಿತದ ಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆಯುತ್ತಿದ್ದಳು. ಅದರಲ್ಲಿ ಬಳಸುವ ಸಿದ್ಧ ಆಜ್ಞೆಗಳು, ಅಂದರೆ ಫಂಕ್ಷನ್ನುಗಳೆಲ್ಲ, ತನಗೆ ಬಾಯಿಪಾಠವೆಂದು ಮೆರೆಯುತ್ತಿದ್ದಳು. ನಿಜವಾಗಿ, ಯಾರೂ ಇಲ್ಲದಾಗ ಪ್ರೋಗ್ರಾಂ ಬರೆಯುವ ಎಡಿಟರ್‌ನಲ್ಲಿ ಫಂಕ್ಷನ್ನಿನ ಹೆಸರಿನ ಮೇಲೆ ಕರ್ಸರ್ ಇಟ್ಟು ಒಂದು ಕೀಲಿ ಒತ್ತುತ್ತಿದ್ದಳು. ಪರದೆಯ ಮೇಲೆ ಪುಟ್ಟ ಕಿಟಕಿಯಲ್ಲಿ ಅದರ ವಿವರಣೆ ತೆರೆದುಕೊಳ್ಳುತ್ತಿತ್ತು.

ಹೊಸದಾಗಿ ಸೇರಿ ಜನವರಿಯ ಪಟ್ಟಿ ಮಾಡುತ್ತಿದ್ದ ಲೋಸಾ ಒಮ್ಮೆ ಅವಳನ್ನು ಕೇಳಿದಳು: "ತಿಂಗಳ ಎಣಿಕೆ ಒಂದರಿಂದಾನಾ? ವಿವರಣೆ ನೋಡ್ಬಿಡ್ಲಾ?"

"ಅದನ್ನೂ ನೋಡ್ಬೇಕೇನೆ? ಜನವರಿ ಅಂದ್ರೆ ಒಂದು. ಸುಮ್ನೆ ಬರಿ," ಎಂದಳು ಮೊಯ್ರಾ.

ಅವರು ಬಳಸುತ್ತಿದ್ದ ಪ್ರೋಗ್ರಾಂ ಭಾಷೆಯಲ್ಲಿ ಜನವರಿ ಎಂದರೆ ಸೊನ್ನೆ, ಒಂದು ಎಂದರೆ ಫೆಬ್ರವರಿ. ಜನವರಿಯ ಪಟ್ಟಿಯಲ್ಲಿ ಫೆಬ್ರವರಿಯ ಉಬ್ಬರ ಅಚ್ಚಾಯಿತು. ಅದನ್ನು ನಂಬಿ ಹೊರಟ ಎರಡು ದೋಣಿಗಳು ನೀರಿಳಿದು ಕೆಸರಿನಲ್ಲಿ ಕೂತವು.

ಸಭೆಯಲ್ಲಿ ಮೇಲಧಿಕಾರಿ ಹೇಮಿ ಗದರಿದ: "ಕಣ್ಣು ಎಲ್ಲಿಟ್ಟಿದ್ದೆ ಲೋಸಾ? ಇನ್ಮೇಲೆ ಪಟ್ಟಿ ಕೆಲಸ ನಿನಗಿಲ್ಲ."

ಲೋಸಾ ಮೊಯ್ರಾಳ ಹೆಸರೆತ್ತಲಿಲ್ಲ. ಮೊಯ್ರಾಳಿಗೆ ಕೂರಲಾಗಲಿಲ್ಲ. ಎದ್ದು, ಗೋಡೆಯ ದೊಡ್ಡ ಪರದೆಯಲ್ಲಿ ಎಡಿಟರ್ ತೆರೆದು, ಎಲ್ಲರೆದುರು ಆ ಕೀಲಿ ಒತ್ತಿದಳು.

"ಸೊನ್ನೆ ಅಂತ ಇಲ್ಲೇ ಬರ್ದಿದೆ. ಅವಳು ನೋಡ್ತೀನಿ ಅಂದ್ಲು, ನಾನೇ ಬೇಡ ಅಂದೆ. ನಾನು ಮಾತ್ರ ದಿನಾ ಕದ್ದು ನೋಡ್ತೀನಿ."

"ಇಪ್ಪತ್ತು ವರ್ಷದಿಂದ್ಲೂ?" ಎಂದ ಹೇಮಿ.

"ಇಪ್ಪತ್ತು ವರ್ಷದಿಂದ್ಲೂ."

ಪಟ್ಟಿಯ ಕೆಲಸ ಲೋಸಾಳಿಗೇ ಉಳಿಯಿತು. ಆಮೇಲೆ ಅವಳು ಮೊಯ್ರಾಳನ್ನು ಏನೂ ಕೇಳಲಿಲ್ಲ. ಕೀಲಿ ಒತ್ತಿ ತಾನೇ ನೋಡಿಕೊಳ್ಳುತ್ತಿದ್ದಳು.