ಯಾರೂ ನೋಡದ ಹೂವುಗಳು

ಬಂದ್ಯೋಡಿನ ನನ್ನ ಡಿಜಿಟಲ್ ಜಾಹೀರಾತು ಆಫೀಸಿಗೆ ಪಂಚಾಯತಿನ ಕಸ ಒಯ್ಯುವ ಅಕ್ಕ ಬಂದಾಗ ಮಧ್ಯಾಹ್ನದ ಮಂಪರು.

"ಫ್ಲೆಕ್ಸ್ ಬ್ಯಾನರ್ ಮಾಡುವುದು ಬಿಟ್ಟು ವರ್ಷವಾಯಿತು ಅಕ್ಕ. ಇಲ್ಲಿ ಕಸವೇ ಇಲ್ಲ ಅಂತ ಬರೆದುಕೊಡಿ, ವೆಬ್‌ಸೈಟಿಗೆ ಹಾಕಬೇಕು" ಎಂದೆ. ಒಬ್ಬಳೇ ಓದಿ ಕಲಿತು ಕಟ್ಟಿದ ಆಫೀಸು. ಆ ಒಂದು ಸಾಲು ನನಗೆ ಬೇಕಿತ್ತು.

ಅವರು ಪೆನ್ನಿನ ಬದಲು ಫೋನು ತೆಗೆದರು. "ದಿನಾ ಬೆಳಿಗ್ಗೆ ಬಟ್ಟೆ ಅಂಗಡಿಯ ಹೆಸರಲ್ಲಿ ಹೂವಿನ ವಿಡಿಯೋ ಕಳಿಸುವುದು ನೀವೇ ಅಲ್ವಾ?"

"ಹೌದು. ಚಂದ ಉಂಟಲ್ಲ?"

"ನೋಡುವವರು ಯಾರು ಮಾರಾಯ್ರೆ? ಅಳಿಸಿ ಅಳಿಸಿ ಬೆರಳು ಸವೆಯಿತು. ಇದು ಕಸ ಅಲ್ಲದೆ ಮತ್ತೆಂತ?"

ವಾದಿಸಲು ಬಾಯಿ ತೆರೆದೆ. ಆದರೆ ಎಂದೋ ಓದಿದ್ದು ಕಣ್ಣೆದುರು ತೇಲಿಬಂತು: ದೂರದ ತಣ್ಣನೆಯ ಕೋಣೆಗಳಲ್ಲಿ ನಾವು ಕಳಿಸಿದ್ದನ್ನೆಲ್ಲ ಕೂಡಿಡುತ್ತ, ಹಗಲಿರುಳು ಕರೆಂಟು ಕುಡಿದು ಗುಂಯ್‌ಗುಡುವ ಸರ್ವರ್ ಯಂತ್ರಗಳು. ಅವುಗಳೊಳಗೆ ನಾನು ಕಳಿಸಿದ ಹೂವುಗಳೆಲ್ಲ, ಬಾಡಲೂ ಆಗದೆ, ರಾಶಿರಾಶಿ. ನಮ್ಮ ಫ್ಯಾನಿನ ಸದ್ದೂ ಅಲ್ಲಿಂದಲೇ ಬಂದಂತೆ ಕೇಳಿತು.

ಆಗಲೇ ಅಂಗಡಿಯವರಿಗೆ ಫೋನು ಮಾಡಿ, ನಾಳೆಯಿಂದ ವಿಡಿಯೋ ಇಲ್ಲ, ರಿಯಾಯಿತಿ ಇದ್ದ ದಿನ ಮಾತ್ರ ಎರಡು ಸಾಲು ಬರಹ ಎಂದೆ.

"ಜನರಿಗೆ ಬೇಡವಾದರೆ ಬಿಡಿ. ಆದರೆ ನಾನು ದಿನಾ ನೋಡ್ತೇನೆ" ಎಂದರು ಪಾಪ, ಅಂಗಡಿಯವರು.

ಈಗ ಹೂವು ಅವರೊಬ್ಬರಿಗೇ ಹೋಗುತ್ತದೆ. ಕಸ ಇಲ್ಲ ಅಂತ ಇನ್ನಾದರೂ ಬರೆದುಕೊಡಿ ಎಂದರೆ ಅಕ್ಕ, "ಒಂದು ಉಳಿದಿದೆಯಲ್ಲ" ಎನ್ನುತ್ತಾರೆ.