ಗಟ್ಟಿ ಕುರ್ಚಿಯ ದೊಡ್ಡಕ್ಕ

ವೃದ್ಧರ ಆರೈಕೆಯೆಂದರೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಹಾಸಿಗೆ ಬದಲಿಸುವುದು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, ಅವರ ದೇಹದಲ್ಲಿ ಇನ್ನೂ ಎಷ್ಟು ಕಸುವು ಉಳಿದಿದೆಯೆಂದು ಮೂರು ತಿಂಗಳಿಗೊಮ್ಮೆ ತಾಳ್ಮೆಯಿಂದ ಅಳೆಯುವುದೂ ಆರೈಕೆಯೇ ಎಂದು ತೋರಿಸಿಕೊಟ್ಟವರು ನಮ್ಮ ವೃದ್ಧರ ನಿಲಯದ ಹಿರಿಯ ಶುಶ್ರೂಷಕಿ. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು, ತೊಂಬತ್ತು ದಾಟಿದ ಅಜ್ಜಂದಿರೂ ಸೇರಿದಂತೆ ನಾವೆಲ್ಲ ಕರೆಯುವುದು ದೊಡ್ಡಕ್ಕ ಎಂದೇ.

ನಾನು ಅವರ ಕೈಕೆಳಗೆ ಸೇರಿದಾಗ ಓದಿನ ಗತ್ತು ನೆತ್ತಿಗೇರಿತ್ತು. ಅವರಾದರೋ ನಡಿಗೆ ಹೇಗಿದೆಯೆಂದು ತಿಳಿಯಲು ತೂಕದ ಯಂತ್ರಕ್ಕಿಂತ ಮೊದಲು ಚಪ್ಪಲಿಯ ಸವಕಲು ನೋಡುವರು. ಕೈ ಕುಲುಕಿದರೆ ಬಿಡದೆ, "ಹಿಂಡಿ ಅಜ್ಜಿ, ನನ್ನ ಮೇಲಿರೋ ಸಿಟ್ಟೆಲ್ಲ ತೀರಿಸಿಕೊಳ್ಳಿ" ಎಂದು ಹಿಡಿತದ ಬಲ ತಿಳಿದುಕೊಳ್ಳುವರು. ಇದೆಂಥ ಪರೀಕ್ಷೆಯೆಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ನಗು ಇಳಿದದ್ದು ಐದು ವರ್ಷಗಳ ಹಿಂದೆ. ಎಂಬತ್ತನಾಲ್ಕರ ನಿವೃತ್ತ ದರ್ಜಿಯೊಬ್ಬರು ಮೇಲ್ಮಹಡಿಯ ಕೋಣೆಯಲ್ಲಿ ಹೆಂಡತಿಯೊಡನೆ ಇದ್ದರು. ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರುವ ಪರೀಕ್ಷೆಯಲ್ಲಿ ಅವರಿಗೆ ಒಮ್ಮೆಯೂ ಏಳಲಾಗಲಿಲ್ಲ. ನಾನು ಠೀವಿಯಿಂದ "ಏಳಲಾರರು" ಎಂದು ಬರೆದೆ. ನಿಲಯದ ನಿಯಮದಂತೆ ಐದು ಸಲ ಏಳಲಾಗದವರು ಕೆಳಗಿನ ವಾರ್ಡಿಗೆ ಹೋಗಬೇಕು. ಓಡಾಡಿಕೊಂಡಿರುವ ಹೆಂಡತಿ ಮೇಲೆಯೇ ಉಳಿಯಬೇಕು. ಐವತ್ತೆರಡು ವರ್ಷದ ಸಂಸಾರ ನನ್ನ ಒಂದು ಪದದಿಂದ ಎರಡು ಮಹಡಿಯಾಗುವುದರಲ್ಲಿತ್ತು.

"ಹಾಗಾದ್ರೆ ನಾಳೆಯಿಂದ ನನಗೂ ಏಳೋಕಾಗಲ್ಲ, ಬರ್ಕೊಳ್ಳಮ್ಮ," ಎಂದರು ಆ ಅಜ್ಜಿ.

ಸಹಿಗೆಂದು ಹಾಳೆ ಒಯ್ದರೆ ದೊಡ್ಡಕ್ಕ ಕೇಳಿದ್ದು ಒಂದೇ: "ಯಾವ ಕುರ್ಚಿ?"

ಅಂದು ಪರೀಕ್ಷೆಯ ಗಟ್ಟಿ ಕುರ್ಚಿಯನ್ನು, ಅಜ್ಜಂದಿರ ತಲೆಗೂದಲು ಕತ್ತರಿಸಲು ಬಂದಿದ್ದ ಕ್ಷೌರಿಕ ಒಯ್ದಿದ್ದ. ನಾನು ಅಜ್ಜನನ್ನು ಸಂದರ್ಶಕರ ಕೋಣೆಯ ಸೋಫಾದಲ್ಲಿ ಕೂರಿಸಿದ್ದೆ. ದೊಡ್ಡಕ್ಕ ನೇರ ಅಲ್ಲಿಗೆ ಹೋಗಿ ಕುಳಿತರು, ಸೊಂಟದವರೆಗೆ ಹೂತುಹೋದರು, ಕೈಕಟ್ಟಿ ಏಳಲು ನೋಡಿದರು, ಆಗಲಿಲ್ಲ. "ನನ್ನನ್ನೂ ಕೆಳಗಿನ ವಾರ್ಡಿಗೆ ಹಾಕ್ತೀಯೇನಮ್ಮ?" ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಗಟ್ಟಿ ಕುರ್ಚಿಯಲ್ಲಿ ಅಜ್ಜ ಮೂರು ಸಲ ಎದ್ದರು, ನಾಲ್ಕನೆಯದಕ್ಕೆ ಸೋತರು. ದೊಡ್ಡಕ್ಕ ಮೂರು ಎಂದೇ ಬರೆದರು. ಪ್ರೀತಿಗೆಂದು ಒಂದನ್ನೂ ಕೂಡಿಸಲಿಲ್ಲ. ಆದರೆ ಅವರ ಕಣ್ಣು ಅಜ್ಜನ ಪ್ಯಾಂಟಿನ ಸೊಂಟದ ಮೇಲೆ ನೆಟ್ಟಿತ್ತು. ಅಲ್ಲಿ ಎರಡು ಸಾಲು ಹೊಸ ಹೊಲಿಗೆ. ಇಳಿದ ಮೈಗೆ ಅಳತೆ ಹೊಂದಿಸಲು ಅಜ್ಜ ಯಾರಿಗೂ ಹೇಳದೆ ತಾವೇ ಹೊಲಿದುಕೊಂಡಿದ್ದರು. ಕೆದಕಿದಾಗ ಗೊತ್ತಾಯಿತು: ಕಟ್ಟಿಸಿದ ಹಲ್ಲು ಸಡಿಲವಾಗಿ ಅಗಿಯಲಾಗದೆ, ಹೇಳಲು ನಾಚಿಕೊಂಡು ಅರೆಹೊಟ್ಟೆಯಲ್ಲೇ ಊಟದಿಂದ ಏಳುತ್ತಿದ್ದರು. ದೊಡ್ಡಕ್ಕ ವೈದ್ಯರ ಬೆನ್ನುಹತ್ತಿ, ಅಜ್ಜನನ್ನು ಕೆಳಗೆ ಕಳಿಸುವ ಮೊದಲು ಮತ್ತೊಮ್ಮೆ ಪರೀಕ್ಷಿಸಲು ಆರು ವಾರಗಳ ಗಡುವು ಪಡೆದರು. ಹಲ್ಲು ಸರಿಯಾಯಿತು, ಊಟ ಹೆಚ್ಚಿತು, ದಿನವೂ ಕಾಲಿನ ವ್ಯಾಯಾಮ ನಡೆಯಿತು. ಗಡುವಿನ ದಿನ ಅಜ್ಜ ಹದಿನಾಲ್ಕು ಸೆಕೆಂಡಿನಲ್ಲಿ ಐದು ಸಲ ಎದ್ದರು. ಎಣಿಸುತ್ತಿದ್ದ ಅಜ್ಜಿ ಜಂಬಕ್ಕೆ ಆರು ಎಂದರು. ಬರೆದದ್ದು ಐದೇ.

ನನ್ನ ಹಳೆಯ ಹಾಳೆಯನ್ನು ದೊಡ್ಡಕ್ಕ ಹರಿಯಲೂ ಇಲ್ಲ, ಮೇಲಧಿಕಾರಿಗಳಿಗೆ ದೂರಲೂ ಇಲ್ಲ. "ಏಳಲಾರರು" ಎಂಬುದರ ಪಕ್ಕದಲ್ಲಿ "ಕುರ್ಚಿ ತಪ್ಪು" ಎಂದು ಬರೆದು ನನಗೇ ಕೊಟ್ಟರು. ಹೊಸಬರಿಗೆ ಕಲಿಸುವಾಗ ನಾನು ಮೊದಲು ತೋರಿಸುವುದು ಅದನ್ನೇ.

ಕಳೆದ ವಾರದ ಬೀಳ್ಕೊಡುಗೆಯಲ್ಲಿ ಗೌರವದ ಆಸನವೆಂದು ಯಾರೋ ಅದೇ ಸೋಫಾ ತಂದಿಟ್ಟಿದ್ದರು. ಮಾತನಾಡಲು ಕರೆದಾಗ ದೊಡ್ಡಕ್ಕನಿಗೆ ಏಳಲಾಗಲಿಲ್ಲ. ಮುಂದಿನ ಸಾಲಿನಿಂದ ಎಂಬತ್ತೊಂಬತ್ತರ ದರ್ಜಿ ಅಜ್ಜ ಎದ್ದು ಬಂದು, ಎರಡೂ ಕೈ ಚಾಚಿ, ಅವರನ್ನು ಎಬ್ಬಿಸಿ ನಿಲ್ಲಿಸಿದರು. ನಗುತ್ತಿದ್ದ ಸಭೆಯಲ್ಲಿ ನಾನೊಬ್ಬಳೇ ಅತ್ತುಬಿಟ್ಟೆ.

ದೊಡ್ಡಕ್ಕ, ತಮಗೆ ತೊಂಬತ್ತಾದಾಗಲೂ ಕೈಕಟ್ಟಿ ಐದು ಸಲ ಎದ್ದು ಕೂರುವಂತಾಗಲಿ, ಅಲ್ಲಿಯವರೆಗೂ ನಮ್ಮ ತಪ್ಪುಗಳ ಪಕ್ಕದಲ್ಲಿ ತಮ್ಮ ಅಕ್ಷರ ಬೀಳುತ್ತಿರಲಿ. ಎಣಿಸಲು ನಾನೇ ಬರುತ್ತೇನೆ. ಗಟ್ಟಿ ಕುರ್ಚಿಯನ್ನೂ ಮರೆಯದೆ ತರುತ್ತೇನೆ.